ಹುಟ್ಟಿದೂರಲ್ಲೊಂದು ಸೂರು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಜಾವದ ಬಸ್ ನಿಲ್ದಾಣವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಪಾಳಿ ಮುಗಿಸಿದ ನರ್ಸ್ ಒಬ್ಬರು ಮೊದಲ ಬಸ್ಸಿಗೆ ಕಾಯುತ್ತಿದ್ದಾರೆ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ದುಡಿಯುವುದೂ ಇಲ್ಲೇ. ಮಲಗಲು ಮಾತ್ರ ಎರಡು ಗಂಟೆ ದೂರ ಹೋಗಬೇಕು. ಅವರು ಆಡಿ ಬೆಳೆದ ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇದೆ. ಈಗ ಅದರ ಬಾಗಿಲ ಪಕ್ಕ ಅಂಕಿ ಒತ್ತಿ ತೆಗೆಯುವ ಪುಟ್ಟ ಕೀಲಿಪೆಟ್ಟಿಗೆ. ರಜೆಗೆ ಬಂದವರು ಎರಡು ರಾತ್ರಿ ಇದ್ದು ಹೋಗುತ್ತಾರೆ. ಉಳಿದ ದಿನ ಕಿಟಕಿಯಲ್ಲಿ ಬೆಳಕಿಲ್ಲ.

ಕಸ ಎತ್ತುವವರು, ಬಸ್ ಓಡಿಸುವವರು, ಮಕ್ಕಳಿಗೆ ಅಕ್ಷರ ಕಲಿಸುವವರು, ಎಷ್ಟೋ ಮಂದಿಯ ಪಾಡು ಇದೇ. ಸಂಬಳದಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಬಾಡಿಗೆಗೆ ಹೋಗಬಾರದು ಎಂಬುದು ಹಳೆಯ ಲೆಕ್ಕ. ಅರ್ಧ ಸಂಬಳ ಕೊಟ್ಟರೂ ಮನೆ ಸಿಗದವರಿಗೆ ಆ ಲೆಕ್ಕ ಹೇಳಿ ಏನು ಬಂತು?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೋಡೆ, ಮಾಡು ವರ್ಷ ಕಳೆದಂತೆ ಸವೆಯುತ್ತವೆ. ಬೆಲೆ ಏರುವುದು ಅವುಗಳ ಕೆಳಗಿನ ನೆಲಕ್ಕೆ. ಆ ನೆಲಕ್ಕೆ ಬೆಲೆ ತಂದದ್ದು ಹತ್ತಿರದ ಶಾಲೆ, ಆಸ್ಪತ್ರೆ, ರಸ್ತೆ. ಅಂದರೆ ಅವನ್ನು ನಡೆಸುವ ಇದೇ ದುಡಿಯುವ ಜನ. ತಾವೇ ಏರಿಸಿದ ಬೆಲೆ ಅವರನ್ನೇ ಊರಿಂದಾಚೆ ತಳ್ಳುತ್ತಿದೆ. ಇದು ಅನ್ಯಾಯ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇಂಗ್ಲೆಂಡಿನ ಕಡಲ ತೀರದ ಸೇಂಟ್ ಐವ್ಸ್ ಊರಿನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳಲ್ಲಿ ಕಾಯಂ ವಾಸಿಸುವವರೇ ಇರಬೇಕೆಂದು ನಿಯಮ ತಂದರು. ಆದರೆ ನಿಯಮ ಹಳೆಯ ಮನೆಗಳಿಗೆ ಅನ್ವಯವಾಗಲಿಲ್ಲ; ರಜೆಯ ಮನೆ ಬೇಕೆನ್ನುವವರು ಅತ್ತ ತಿರುಗಿದರು. ಬರೀ ತಡೆದರೆ ಸಾಲದು, ಕಟ್ಟಲೂ ಬೇಕು.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಹಾಗೆ ಮನೆಗಳನ್ನು ಕಟ್ಟಿತು. 1923ರಲ್ಲಿ ವಸತಿ ತೆರಿಗೆ ತಂದರು: ಐಷಾರಾಮಿ ಮನೆಗಳಿಗೆ ಭಾರಿ, ಕಾರ್ಮಿಕರ ಮನೆಗಳಿಗೆ ಅಲ್ಪ. ಆ ಹಣದ ನೆರವಿನಿಂದ 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ವಸತಿ ಸಮುಚ್ಚಯ ಒಂದು ಕಿಲೋಮೀಟರಿಗೂ ಉದ್ದ. ಒಳಗೇ ಬಟ್ಟೆ ಒಗೆಯುವ ಕೋಣೆ, ಶಿಶುವಿಹಾರ, ಗ್ರಂಥಾಲಯ. ಅಲ್ಲಿ ಇಂದಿಗೂ ಸಂಸಾರಗಳಿವೆ. ಆ ನಗರದ ಸುಮಾರು ಅರ್ಧ ಜನ ಈಗಲೂ ನಗರಾಡಳಿತದ ಅಥವಾ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ.

ಸಣ್ಣ ಊರಿಗೆ ಅಷ್ಟು ತ್ರಾಣ ಎಲ್ಲಿಂದ ಎನ್ನಬಹುದು. ಅಂಥಲ್ಲಿ ಸಮುದಾಯ ಭೂ ಟ್ರಸ್ಟ್ ಎಂಬ ದಾರಿಯಿದೆ. 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನರ ಚಳವಳಿಯಿಂದ ಹುಟ್ಟಿದ ಏರ್ಪಾಡು ಇದು. ನೆಲ ಟ್ರಸ್ಟಿನದು, ಮೇಲಿನ ಮನೆ ನಿಮ್ಮದು. ಮಾರುವಾಗ ಲಾಭಕ್ಕೆ ಮಿತಿಯಿರುವುದರಿಂದ ನಿಮ್ಮ ನಂತರ ಬರುವ ದುಡಿಯುವ ಸಂಸಾರಕ್ಕೂ ಮನೆ ಎಟುಕುತ್ತದೆ.

ಮುಚ್ಚಿದ ಶಾಲೆಯ ಆವರಣ, ಹಾಳು ಬಿದ್ದ ಡಿಪೋ, ಇಂಥ ನೆಲ ಊರಾಡಳಿತಗಳ ಕೈಯಲ್ಲಿ ಉಳಿದಿರುತ್ತದೆ. ಅದನ್ನು ಹರಾಜಿಗೆ ಇಡಬೇಡಿ ಎಂಬುದು ನನ್ನ ಕೋರಿಕೆ. ಅಲ್ಲಿ ಹತ್ತೇ ಮನೆ ಎದ್ದರೂ, ಆ ಬೆಳಗಿನ ಬಸ್ಸಿಗೆ ಕಾಯುವವರು ಹತ್ತು ಮಂದಿ ಕಡಿಮೆಯಾಗುತ್ತಾರೆ.

ನಮಸ್ಕಾರ.