ಪದಕದ ರಿಂಗು, ದುಡ್ಡಿನ ರಿಂಗು

ಕೇಳುಗರಿಗೆಲ್ಲ ನಮಸ್ಕಾರ.

ಒಲಿಂಪಿಕ್ಸ್ ಬಾಕ್ಸಿಂಗ್ ಅಂದ ಕೂಡಲೇ ನೆನಪಾಗುವ ದೇಶ ಕ್ಯೂಬಾ. 1992ರಲ್ಲಿ ಬಾರ್ಸಿಲೋನಾದಲ್ಲಿ ಬಾಕ್ಸಿಂಗ್‌ಗೆ ಇದ್ದದ್ದು 12 ಚಿನ್ನ. ಅದರಲ್ಲಿ 7 ಈ ಪುಟ್ಟ ದ್ವೀಪದ ಪಾಲಾಯಿತು. ಹೆವಿವೇಟ್‌ನಲ್ಲಿ ತಿಯೋಫಿಲೋ ಸ್ಟೀವನ್‌ಸನ್ 1972, 1976, 1980 ಹೀಗೆ ಮೂರು ಸಲ ಚಿನ್ನ ಗೆದ್ದ. ಫೆಲಿಕ್ಸ್ ಸಾವೊನ್ ಕೂಡ ಮೂರು ಸಲ ಗೆದ್ದ.

ಆದರೆ ಇದೇ ಕ್ಯೂಬಾದವರು ವೃತ್ತಿಪರ ಬಾಕ್ಸಿಂಗ್‌ಗೆ ಹೋದರೆ ಅಷ್ಟು ಹೊಳೆಯುವುದಿಲ್ಲ ಅಂತ ಒಂದು ಮಾತಿದೆ. "ಪಾಯಿಂಟ್ ಹೆಕ್ಕೋದಷ್ಟೇ ಬರುತ್ತೆ, ಗಟ್ಟಿತನ ಇಲ್ಲ" ಅನ್ನುವವರೂ ಇದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಯಾಕೆ ಅಂದರೆ, ಕ್ಯೂಬಾದ ಬಾಕ್ಸಿಂಗ್ ಶುರುವಾಗಿದ್ದೇ ದುಡ್ಡಿನ ರಿಂಗಿನಲ್ಲಿ. 1931ರಲ್ಲೇ ಕಿಡ್ ಚಾಕೊಲೇಟ್ ವಿಶ್ವ ಚಾಂಪಿಯನ್ ಆಗಿದ್ದ. 1951ರಲ್ಲಿ ಕಿಡ್ ಗವಿಲಾನ್ ಪಟ್ಟ ಗೆದ್ದ. ಅವನ ತೋಳು ಬೀಸಿ ಸುತ್ತಿ ಹೊಡೆಯುವ ಪಂಚ್ ನೋಡಲೆಂದೇ ಜನ ಬರುತ್ತಿದ್ದರು. 1962ರಲ್ಲಿ ಕ್ಯಾಸ್ಟ್ರೋ ಸರ್ಕಾರ ವೃತ್ತಿಪರ ಆಟಗಳನ್ನು ನಿಷೇಧಿಸಿತು. ಹೊಸೆ ನಾಪೋಲೆಸ್, ಶುಗರ್ ರಾಮೋಸ್ ಮೆಕ್ಸಿಕೋ ಸೇರಿಕೊಂಡರು. ಇಬ್ಬರೂ ಅಲ್ಲಿಂದಲೇ ವಿಶ್ವ ಚಾಂಪಿಯನ್ ಆದರು. ಗಟ್ಟಿತನ ಇಲ್ಲದವರು ಮಾಡುವ ಕೆಲಸವೇ ಇದು?

ಮನೆಯಲ್ಲಿ ಉಳಿದವರಿಗೆ ಸರ್ಕಾರವೇ ಶಾಲೆ ಕಟ್ಟಿತು. ಚಿಕ್ಕ ವಯಸ್ಸಿನಲ್ಲೇ ಹುಡುಗರನ್ನು ಆರಿಸಿ, ಅಲ್ಸಿದೆಸ್ ಸಗಾರ್ರಾ ಅಂಥ ಗುರುಗಳ ಕೈಗೆ ಕೊಟ್ಟರು. ಕಲಿಸಿದ್ದು ಮುಖ್ಯವಾಗಿ ಕಾಲಿನ ಕೆಲಸ. ಹೊಡಿ, ಸರಿದುಕೋ, ಏಟು ತಿನ್ನಬೇಡ. ಒಲಿಂಪಿಕ್ಸ್‌ನ ಮೂರೇ ಸುತ್ತಿನ ಪಂದ್ಯಕ್ಕೆ ಇದು ಹೇಳಿ ಮಾಡಿಸಿದ ವಿದ್ಯೆ. ಸ್ಟೀವನ್‌ಸನ್‌ಗೆ ಮೊಹಮ್ಮದ್ ಅಲಿ ಜೊತೆ ಆಡಲು ಲಕ್ಷಾಂತರ ಡಾಲರ್ ಆಸೆ ತೋರಿಸಿದರು. ಅವನು ಒಪ್ಪಲಿಲ್ಲ.

ಆ ವಿದ್ಯೆ ನಮ್ಮ ದೇಶಕ್ಕೂ ಬಂದಿದೆ. ಕ್ಯೂಬಾದ ಬಿ.ಐ. ಫರ್ನಾಂಡಿಸ್ ವರ್ಷಗಟ್ಟಲೆ ಭಾರತದ ಬಾಕ್ಸರ್‌ಗಳಿಗೆ ಕಲಿಸಿ, ದ್ರೋಣಾಚಾರ್ಯ ಪ್ರಶಸ್ತಿ ಪಡೆದರು. 2008ರ ಬೀಜಿಂಗ್‌ನಲ್ಲಿ ವಿಜೇಂದರ್ ಕಂಚು ಗೆದ್ದದ್ದು ನೆನಪಿದೆ ಅಲ್ವಾ? ಸೆಮಿಫೈನಲ್‌ನಲ್ಲಿ ಅವರನ್ನು ತಡೆದವನೂ ಕ್ಯೂಬಾದವನೇ, ಎಮಿಲಿಯೋ ಕೊರೆಯಾ.

ಈಗ ದುಡ್ಡಿನ ರಿಂಗಿಗೆ ಬರೋಣ. ಅಲ್ಲಿ ವಿಶ್ವ ಪಟ್ಟದ ಪಂದ್ಯಕ್ಕೆ 12 ಸುತ್ತು. ಗೆದ್ದರೆ ಮಾತ್ರ ಸಾಲದು, ಟಿಕೆಟ್ ಮಾರಾಟವಾಗಬೇಕು, ಟಿವಿಯವರಿಗೆ ಇಷ್ಟವಾಗಬೇಕು. ಗಿಲ್ಯೆರ್ಮೋ ರಿಗೊಂಡೋ ಕಥೆ ಕೇಳಿ. 2000 ಮತ್ತು 2004ರ ಒಲಿಂಪಿಕ್ಸ್ ಚಿನ್ನ ಅವನದು. 2007ರಲ್ಲಿ ಬ್ರೆಜಿಲ್‌ನಲ್ಲಿ ತಂಡ ಬಿಟ್ಟು ಹೋಗಲು ನೋಡಿ ಸಿಕ್ಕಿಬಿದ್ದ. ಕ್ಯೂಬಾ ಅವನನ್ನು ತಂಡದಿಂದಲೇ ಹೊರಗಿಟ್ಟಿತು. 2009ರಲ್ಲಿ ಕೊನೆಗೂ ದೇಶ ಬಿಟ್ಟ. ಅಷ್ಟೊತ್ತಿಗೆ ವಯಸ್ಸು ಮೂವತ್ತರ ಹತ್ತಿರ.

2013ರ ಏಪ್ರಿಲ್. ನ್ಯೂಯಾರ್ಕ್‌ನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್. ಎದುರಿಗೆ ಆಗ ದೊಡ್ಡ ಹೆಸರಾಗಿದ್ದ ಫಿಲಿಪೀನ್ಸ್‌ನ ನೊನಿಟೊ ಡೊನೇರ್. ರಿಗೊಂಡೋ ಒಂದು ಹೆಜ್ಜೆ ಹಿಂದೆ ಇಡುತ್ತಾನೆ, ಡೊನೇರ್‌ನ ಕೈ ಗಾಳಿಗೆ ಬೀಸುತ್ತದೆ. ಅಷ್ಟರಲ್ಲಿ ರಿಗೊಂಡೋನ ಎಡಗೈ ಮುಖಕ್ಕೆ ಬಿದ್ದಾಗಿರುತ್ತದೆ. ಹತ್ತನೇ ಸುತ್ತಿನಲ್ಲಿ ರಿಗೊಂಡೋನೇ ಒಮ್ಮೆ ನೆಲಕ್ಕೆ ಬಿದ್ದ, ಎದ್ದ, ಮತ್ತೆ ಅದೇ ಲೆಕ್ಕಾಚಾರ. ಹನ್ನೆರಡನೇ ಸುತ್ತಿಗೆ ಡೊನೇರ್‌ನ ಕಣ್ಣು ಊದಿಕೊಂಡಿತ್ತು. ಮೂವರು ತೀರ್ಪುಗಾರರೂ ರಿಗೊಂಡೋಗೇ ಗೆಲುವು ಕೊಟ್ಟರು. ಜನ? ಬೂ ಅಂದರು. ಅವನನ್ನು ಮಾರುವುದು ಕಷ್ಟ ಅಂತ ಅವನ ಪ್ರಮೋಟರೇ ಬಾಯಿಬಿಟ್ಟು ಹೇಳಿದ. ನನ್ನನ್ನು ಕೇಳಿದರೆ ಅಷ್ಟು ಅಚ್ಚುಕಟ್ಟಾದ ಆಟ ಸಿಗುವುದೇ ಅಪರೂಪ. ಆದರೆ ಏಟು ತಿನ್ನದವನ ಆಟಕ್ಕೆ ಗಿರಾಕಿ ಕಡಿಮೆ.

ರೊಬೆಯ್ಸಿ ರಾಮಿರೆಜ್‌ನದು ಬೇರೆ ಪಾಡು. ಇವನದೂ ಎರಡು ಚಿನ್ನ, 2012 ಮತ್ತು 2016. ವೃತ್ತಿಪರನಾಗಿ 2019ರಲ್ಲಿ ಮೊದಲ ಪಂದ್ಯ. ಎದುರಾಳಿ ಆಡನ್ ಗೊನ್ಸಾಲೆಸ್, ಅಷ್ಟೇನೂ ಹೆಸರಿಲ್ಲದವನು. ಮೊದಲ ಸುತ್ತಿನಲ್ಲೇ ರಾಮಿರೆಜ್ ನೆಲಕ್ಕೆ ಬಿದ್ದ, ಪಂದ್ಯವನ್ನೂ ಸೋತ. ಎಲ್ಲರೂ ನಕ್ಕರು. ಅವನು ಮರುವರ್ಷ ಅದೇ ಗೊನ್ಸಾಲೆಸ್‌ನನ್ನು ಸೋಲಿಸಿದ, 2023ರಲ್ಲಿ ವಿಶ್ವ ಪಟ್ಟವನ್ನೂ ಕಟ್ಟಿಕೊಂಡ. ಹೊಸ ಗುರು, ಹೊಸ ಲಯ, ಒಗ್ಗಿಕೊಳ್ಳಲು ಸಮಯ ಬೇಕು, ಅಷ್ಟೇ. ಕದ್ದು ಓಡಿಬರುವವರಿಗೆ ಜಾಸ್ತಿ ಸಿಗದೇ ಇರುವುದು ಆ ಸಮಯವೇ.

2022ರಲ್ಲಿ ಕ್ಯೂಬಾ ಕೊನೆಗೂ ಬಾಗಿಲು ತೆರೆಯಿತು. ತನ್ನ ಬಾಕ್ಸರ್‌ಗಳನ್ನು ತಾನೇ ಮೆಕ್ಸಿಕೋಗೆ ಕರೆದೊಯ್ದು ವೃತ್ತಿಪರ ಪಂದ್ಯ ಆಡಿಸಿತು. ಅವರಲ್ಲಿ ಎರಡು ಸಲ ಒಲಿಂಪಿಕ್ಸ್ ಚಿನ್ನ ಗೆದ್ದ ಹೂಲಿಯೋ ಸೀಸರ್ ಲಾ ಕ್ರೂಸ್ ಕೂಡ ಇದ್ದ. ಒಳ್ಳೆಯದೇ, ಆದರೆ ಅರ್ಧ ಶತಮಾನಕ್ಕಿಂತ ತಡವಾಗಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಲಾ ಕ್ರೂಸ್ ಮೊದಲ ಪಂದ್ಯದಲ್ಲೇ ಸೋತ. ಸೋಲಿಸಿದ್ದು ಅಜರ್‌ಬೈಜಾನ್‌ಗೆ ಆಡಿದ ಲೊರೆನ್ ಅಲ್ಫೊನ್ಸೊ. ಹುಟ್ಟಿದ್ದು ಕ್ಯೂಬಾದಲ್ಲಿ. ಆ 92 ಕಿಲೋ ವಿಭಾಗದಲ್ಲಿ ಬೆಳ್ಳಿ ಅಲ್ಫೊನ್ಸೊಗೆ ಹೋಯಿತು. ಒಂದು ಕಂಚು ಸ್ಪೇನ್‌ನ ಎನ್ಮಾನುಯೆಲ್ ರೇಯೆಸ್‌ಗೆ. ಅವನೂ ಹುಟ್ಟಿದ್ದು ಕ್ಯೂಬಾದಲ್ಲೇ.

ನಮಸ್ಕಾರ.