‘ಓ...’ ಅನ್ನುವ ತರಗತಿ

ಕೇಳುಗರಿಗೆ ನಮಸ್ಕಾರ.

ಏಳನೇ ತರಗತಿ. ಗಣಿತದ ಪಾಠ ನಡೆಯುತ್ತಿದೆ. ಬಾಗಿಲಲ್ಲಿ ಯಾರೋ ನಿಂತು ಒಬ್ಬ ಹುಡುಗನ ಹೆಸರು ಕೂಗಿ, ‘ಕೌನ್ಸೆಲರ್ ಕರೀತಿದಾರೆ, ಬಾ’ ಅನ್ನುತ್ತಾರೆ. ಇಡೀ ತರಗತಿ ಒಂದೇ ಉಸಿರಿಗೆ ರಾಗ ತೆಗೆಯುತ್ತದೆ: ‘ಓ...’ ಹುಡುಗ ಪುಸ್ತಕ ಮುಚ್ಚಿ, ಯಾರ ಮುಖವನ್ನೂ ನೋಡದೆ, ಗೋಡೆಗೆ ಸವರಿಕೊಂಡು ಹೊರಗೆ ಬರುತ್ತಾನೆ. ಆ ಕೌನ್ಸೆಲರ್, ಅಂದರೆ ಶಾಲೆಯ ಆಪ್ತಸಮಾಲೋಚಕಿ, ನಾನೇ. ನನ್ನೆದುರು ಬಂದು ಕೂತಾಗಲೂ ಅವನ ಕಿವಿ ಬಿಸಿಯಾಗಿಯೇ ಇರುತ್ತದೆ. ‘ಏನಪ್ಪಾ ಸಮಾಚಾರ?’ ಅಂದರೆ ‘ಏನಿಲ್ಲ ಮಿಸ್’. ಅರ್ಧ ಗಂಟೆ ಕೂರಿಸಿಕೊಂಡರೂ ಅದೇ ಉತ್ತರ.

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಆಪ್ತಸಮಾಲೋಚನೆಯ ವ್ಯವಸ್ಥೆ ಮಾಡಬೇಕು, ಎಲ್ಲಿಂದ ಶುರು ಮಾಡೋಣ ಎಂದು ಶಾಲೆಯವರು ಕೇಳಿದಾಗ ನಾನು ಆ ‘ಓ’ದಿಂದಲೇ ಶುರು ಮಾಡಿ ಅನ್ನುತ್ತೇನೆ. ಕೊಠಡಿಗೆ ಯಾವ ಬಣ್ಣ ಬಳಿಯಬೇಕು, ಎಂಥ ಕುರ್ಚಿ ಹಾಕಬೇಕು ಅನ್ನುವುದೆಲ್ಲ ಆಮೇಲಿನ ಮಾತು. ಆ ಕೊಠಡಿಗೆ ಹೋಗುವುದೇ ಅವಮಾನ ಅಂತಾದ ಮೇಲೆ ಒಳಗೆ ಎಷ್ಟು ಒಳ್ಳೆಯವರು ಕೂತಿದ್ದರೇನು?

ಈ ವಯಸ್ಸಿಗೆ ಅದು ಯಾಕಷ್ಟು ಚುಚ್ಚುತ್ತದೆ? ಡೇವಿಡ್ ಎಲ್ಕೈಂಡ್ ಎಂಬ ಮನೋವಿಜ್ಞಾನಿ 1967ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು: ಕಾಲ್ಪನಿಕ ಪ್ರೇಕ್ಷಕರು. ಹನ್ನೊಂದು ದಾಟಿದ ಮಗುವಿಗೆ ತಾನು ಸದಾ ರಂಗದ ಮೇಲಿದ್ದೇನೆ, ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಅನ್ನಿಸುತ್ತಿರುತ್ತದೆ. ಮುಖದ ಮೇಲೆ ಎದ್ದ ಒಂದು ಮೊಡವೆ, ಓದುವಾಗ ಒಡೆದ ದನಿ, ಎಲ್ಲವೂ ಊರಿಗೇ ಕಂಡಿತು ಎಂಬ ಭಾವ. ಹತ್ತು ವರ್ಷದ ಕೂಸು ಅತ್ತುಕೊಂಡು ಬಂದು ಸೆರಗು ಹಿಡಿಯುತ್ತದೆ. ಹದಿನಾರರ ಹುಡುಗಿಗೆ ತನ್ನ ಸಂಕಟಕ್ಕೆ ಮಾತು ಸಿಕ್ಕಿರುತ್ತದೆ. ನಡುವಿನವರಿಗೆ ಎರಡೂ ಇಲ್ಲ. ವಯಸ್ಕರಲ್ಲಿ ಕಾಣುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 14 ತುಂಬುವುದರೊಳಗೇ ತಲೆ ಎತ್ತಿರುತ್ತವೆ, ಹೆಚ್ಚಿನವು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೆರವು ಬೇಕಾದ ಹೊತ್ತಿಗೇ ಮಗು ಬಾಯಿ ಮುಚ್ಚಿಕೊಂಡಿರುತ್ತದೆ.

ಹಾಗಾದರೆ ಮಾಡುವುದೇನು? ಮಕ್ಕಳು ಕೊಠಡಿಗೆ ಬರುವ ಮೊದಲು ನಾವೇ ತರಗತಿಗೆ ಹೋಗಬೇಕು. ಇದು ಹೊಸದೇನಲ್ಲ. 1907ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಪ್ರೌಢಶಾಲೆಯೊಂದರ ಮುಖ್ಯಸ್ಥರಾದ ಜೆಸ್ಸಿ ಡೇವಿಸ್, ಮಕ್ಕಳ ಬದುಕಿನ ದಾರಿ ಕುರಿತ ಪಾಠವನ್ನು ವಾರಕ್ಕೊಮ್ಮೆ ಇಂಗ್ಲಿಷ್ ಪ್ರಬಂಧದ ತರಗತಿಯಲ್ಲೇ ಸೇರಿಸಿ ಅಂತ ಶಿಕ್ಷಕರಿಗೆ ಹೇಳಿದರು. ಶಾಲಾ ಮಾರ್ಗದರ್ಶನದ ಇತಿಹಾಸ ಬರೆಯುವವರು ಇವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಶುರುವಾದದ್ದೇ ತರಗತಿಯಲ್ಲಿ. ಮುಚ್ಚಿದ ಬಾಗಿಲು ಆಮೇಲೆ ಬಂದದ್ದು.

ನಾನು ಪ್ರತಿ ವಿಭಾಗಕ್ಕೂ ತಿಂಗಳಿಗೊಂದು ಪೀರಿಯಡ್ ಕೇಳಿ ಪಡೆಯುತ್ತೇನೆ. ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ, ಗೆಳೆಯರ ಗುಂಪಿನಿಂದ ಹೊರಗುಳಿದಾಗ ಏನು ಮಾಡಬಹುದು, ಚಾಡಿಗೂ ದೂರಿಗೂ ಏನು ವ್ಯತ್ಯಾಸ, ಇಂಥವು. ಇದು ಎಲ್ಲರಿಗೂ. ಪೋಷಕರ ಜಗಳ, ಮನೆಯಲ್ಲೊಂದು ಸಾವು, ಹೊಸ ಶಾಲೆ, ಹೀಗೆ ಒಂದೇ ಬಗೆಯ ಭಾರ ಹೊತ್ತವರಿಗೆ ಆರೇಳು ಮಕ್ಕಳ ಚಿಕ್ಕ ಗುಂಪು. ಒಬ್ಬೊಬ್ಬರನ್ನೇ ಕೂರಿಸಿಕೊಳ್ಳುವುದು ಕೊನೆಗೆ, ಅದೂ ಕೆಲವರನ್ನು ಮಾತ್ರ. ಅದಕ್ಕೂ ಮೇಲಿನ ನೆರವು ಬೇಕಾದರೆ ಮನೋವೈದ್ಯರ ಬಳಿಗೆ. ನಾನು ಚಿಕಿತ್ಸೆ ಕೊಡುವವಳಲ್ಲ, ಅದನ್ನು ಪೋಷಕರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಪೆಟ್ಟಿಗೆಯ ವಿಷಯ. ಮಾತಾಡಬೇಕು ಅನ್ನಿಸಿದವರು ಚೀಟಿ ಹಾಕಲಿ ಅಂತ ಬಹಳ ಶಾಲೆಗಳಲ್ಲಿ ಪೆಟ್ಟಿಗೆ ಇಡುತ್ತಾರೆ, ಅದು ಖಾಲಿ ಬಿದ್ದಿರುತ್ತದೆ. ಇರದೆ ಏನು? ಪೆಟ್ಟಿಗೆಯ ಹತ್ತಿರ ಹೋದವರನ್ನು ನಾಲ್ಕು ಜನ ನೋಡುತ್ತಾರಲ್ಲ! ನಾನು ಮಾಡುವುದು ಬೇರೆ. ನನ್ನ ಪೀರಿಯಡ್ಡಿನ ಕೊನೆಯ ಐದು ನಿಮಿಷ ಎಲ್ಲರಿಗೂ ಒಂದೇ ಅಳತೆಯ ಚೀಟಿ. ಎಲ್ಲರೂ ಹೆಸರು ಬರೆಯಬೇಕು, ಎಲ್ಲರೂ ಏನಾದರೂ ಬರೆಯಬೇಕು, ಹೇಳುವುದೇನೂ ಇಲ್ಲದಿದ್ದರೆ ‘ಏನಿಲ್ಲ’ ಅಂತಲೇ ಬರೆಯಬೇಕು. ನಾಲ್ಕು ಮಡಿಕೆ ಮಡಚಿ ಎಲ್ಲರೂ ಹಾಕಬೇಕು. ಮೊದಲ ತಿಂಗಳು ಬಂದದ್ದು ಬರೀ ಕೀಟಲೆ. ‘ಗಣಿತವನ್ನು ರದ್ದು ಮಾಡಿ.’ ‘ಮಿಸ್, ನಿಮ್ಮ ವಯಸ್ಸೆಷ್ಟು?’ ನಗುತ್ತಲೇ ಎಲ್ಲ ಓದಿದೆ. ಎರಡನೇ ತಿಂಗಳೂ ಹಾಗೇ ಹೋಯಿತು. ಮೂರನೇ ತಿಂಗಳು, ‘ಏನಿಲ್ಲ’ಗಳ ರಾಶಿಯ ನಡುವೆ ಒಂದು ಚೀಟಿ. ‘ಏನಿಲ್ಲ’ ಅಂತ ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ: ‘ಊಟದ ಬಿಡುವಿನಲ್ಲಿ ನನ್ನ ಜೊತೆ ಯಾರೂ ಕೂರುವುದಿಲ್ಲ.’

ಆ ಹುಡುಗಿಯನ್ನು ಹೆಸರು ಕೂಗಿ ಕರೆಸಲಿಲ್ಲ. ಆ ವಾರ ಹಾಜರಿ ಪಟ್ಟಿಯ ಕ್ರಮದಲ್ಲಿ ಎಲ್ಲರನ್ನೂ ಐದೈದು ನಿಮಿಷ ಮಾತಾಡಿಸಿದೆ. ಅವಳ ಸರದಿಯೂ ಬಂತು. ಐದು ನಿಮಿಷ ಹದಿನೈದಾಯಿತು, ಯಾರೂ ಗಮನಿಸಲಿಲ್ಲ.

ಇಷ್ಟಕ್ಕೆಲ್ಲ ಸಮಯ ಬೇಕು. ಅಮೆರಿಕದ ಶಾಲಾ ಆಪ್ತಸಮಾಲೋಚಕರ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು, ಅವರ ಹೊತ್ತಿನಲ್ಲಿ ಶೇಕಡಾ 80 ಭಾಗ ಮಕ್ಕಳಿಗಾಗಿಯೇ ಮೀಸಲಿರಬೇಕು ಅನ್ನುತ್ತದೆ. ನಡೆಯುವುದು ಬೇರೆ. ಯಾವ ಶಿಕ್ಷಕರು ರಜೆ ಹಾಕಿದರೂ ‘ಮೇಡಂ, ನೀವು ಬಿಡುವಾಗೇ ಇದ್ದೀರಲ್ಲ, ಈ ಪೀರಿಯಡ್ ನೋಡ್ಕೊಳ್ಳಿ’ ಅನ್ನುತ್ತಾರೆ. ಆಮೇಲೆ ಪರೀಕ್ಷೆಯ ಮೇಲ್ವಿಚಾರಣೆ, ವಾರ್ಷಿಕೋತ್ಸವದ ನಿರೂಪಣೆ. ಎಲ್ಲಕ್ಕಿಂತ ಕೆಟ್ಟದ್ದು ಶಿಸ್ತಿನ ಸಮಿತಿಯಲ್ಲಿ ಕೂರಿಸುವುದು. ಬೆಳಿಗ್ಗೆ ಶಿಕ್ಷೆ ಬರೆದುಕೊಟ್ಟ ಕೈಯನ್ನು ಮಧ್ಯಾಹ್ನ ಯಾವ ಮಗು ನಂಬೀತು? ಈ ಒಂದು ವಿಷಯದಲ್ಲಿ ಮುಖ್ಯೋಪಾಧ್ಯಾಯರ ಜೊತೆ ಜಗಳವಾದರೂ ಸರಿ ಅನ್ನುವವಳು ನಾನು.

ಗುಟ್ಟಿನ ಮಾತಿಗೆ ಬರುತ್ತೇನೆ. ಮೊದಲ ದಿನವೇ ಮಗುವಿಗೆ ಹೇಳಬೇಕಾದ್ದು ಹೀಗೆ: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನಗೆ ನೀನೇ ಏನಾದರೂ ಮಾಡಿಕೊಳ್ಳೋ ಹಾಗಿದ್ದರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ದರೆ, ಯಾರಾದರೂ ನಿನ್ನನ್ನ ಹಿಂಸಿಸ್ತಾ ಇದ್ದರೆ, ನಾನು ಸುಮ್ಮನಿರೋಕಾಗಲ್ಲ. ಆಗಲೂ ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ.’ ಈ ಮೂರನ್ನು ಬಿಟ್ಟು ಉಳಿದದ್ದು ಯಾರ ಕಿವಿಗೂ ಬೀಳಬಾರದು. ನಾನು ಒಮ್ಮೆ ಎಡವಿದ್ದೇನೆ. ಶುರುವಿನ ವರ್ಷ ಅದು. ಹುಡುಗನೊಬ್ಬ ರಾತ್ರಿ ನಿದ್ದೆ ಬರುವುದಿಲ್ಲ ಅಂದಿದ್ದ. ದೊಡ್ಡ ಗುಟ್ಟೇನಲ್ಲ ಅಂದುಕೊಂಡು ಅವನ ಕ್ಲಾಸ್ ಟೀಚರಿಗೆ ಹೇಳಿದೆ. ಮರುದಿನ ಅವನು ಬೆಂಚಿನ ಮೇಲೆ ತಲೆಯಿಟ್ಟಾಗ ಅವರು ಕಾಳಜಿಯಿಂದಲೇ, ತರಗತಿಯ ಎದುರಿಗೇ, ‘ಪಾಪ, ರಾತ್ರಿ ನಿದ್ದೆ ಬರಲ್ವಂತಲ್ಲ ನಿಂಗೆ’ ಅಂದರು. ಅವನು ಮತ್ತೆ ನನ್ನ ಕೊಠಡಿಗೆ ಬರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕಾಗಲೂ ನೀರಿನ ನಲ್ಲಿಯ ಕಡೆಗೆ ತಿರುಗಿಬಿಡುತ್ತಿದ್ದ.

ಎದುರಿಗೆ ಕೂತ ಮೇಲೂ ಮಾತು ತಾನಾಗಿ ಬರುವುದಿಲ್ಲ. ‘ಹೇಗನ್ನಿಸ್ತಿದೆ?’ ಅಂತ ಕೇಳಿದರೆ ಹನ್ನೆರಡು ವರ್ಷದವರ ಉತ್ತರ ‘ಗೊತ್ತಿಲ್ಲ’. ಅಮೆರಿಕದ ಮಿಲ್ವಾಕಿಯಲ್ಲಿ ಮನೋಚಿಕಿತ್ಸಕರಾಗಿ ಕೆಲಸ ಮಾಡಿದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಬಳಕೆಗೆ ತಂದ ಒಂದು ಉಪಾಯ ಇಲ್ಲಿ ಚೆನ್ನಾಗಿ ಒದಗುತ್ತದೆ. ಸೊನ್ನೆಯಿಂದ ಹತ್ತರವರೆಗೆ ಇವತ್ತು ಎಷ್ಟರಲ್ಲಿದ್ದೀಯ? ‘ಮೂರು.’ ‘ಹೌದಾ, ಎರಡಲ್ಲ, ಮೂರು ಯಾಕೆ?’ ಮಗು ಯೋಚಿಸುತ್ತದೆ. ‘ಬಸ್ಸಲ್ಲಿ ಒಬ್ಬ ಮಾತಾಡಿಸ್ತಾನೆ ಮಿಸ್.’ ಹಿಡಿಯಲು ಒಂದು ಎಳೆ ಸಿಕ್ಕಿತು. ನಾಲ್ಕಕ್ಕೆ ಬರಲು ಏನಾಗಬೇಕು ಅನ್ನುವುದು ಮುಂದಿನ ವಾರದ ಮಾತು. ಹತ್ತರ ಗೊಡವೆಗೆ ನಾವಿಬ್ಬರೂ ಹೋಗುವುದಿಲ್ಲ.

ಕೆಲಸ ಸಾಗುತ್ತಿದೆಯೋ ಇಲ್ಲವೋ ಅಂತ ನೋಡಲು ಗೈರುಹಾಜರಿ, ಜಗಳದ ದೂರು, ಅಂಕ ಎಲ್ಲವನ್ನೂ ನೋಡುತ್ತೇನೆ. ಜೊತೆಗೆ ನನ್ನ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಇದೆ: ಯಾರು ಕಳಿಸಿದರು? ಮೊದಲ ವರ್ಷ ಅಲ್ಲಿ ತುಂಬಿದ್ದು ಶಿಕ್ಷಕರ ಹೆಸರುಗಳೇ. ಆಮೇಲಾಮೇಲೆ ಅಲ್ಲೊಂದು ಇಲ್ಲೊಂದು ‘ತಾನೇ ಬಂದದ್ದು’. ಈಗ ಆ ಕಾಲಮ್ಮಿನಲ್ಲಿ ಮೂರನೆಯ ಬಗೆಯೂ ಬರುತ್ತಿದೆ. ಹೋದ ವಾರ ಎಂಟನೇ ತರಗತಿಯ ಇಬ್ಬರು ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು. ಒಬ್ಬಳು ಇನ್ನೊಬ್ಬಳನ್ನು ಭುಜ ಹಿಡಿದು ಒಳಗೆ ತಳ್ಳುತ್ತಿದ್ದಳು. ‘ಇವಳಿಗೆ ಮಾತಾಡಬೇಕಂತೆ ಮಿಸ್. ನಾನು ಇಲ್ಲೇ ಹೊರಗಿರ್ತೀನಿ, ಇವಳ ಬ್ಯಾಗು ಹಿಡ್ಕೊಂಡು.’

ನಮಸ್ಕಾರ.