ಡಿಸ್ಕ್ ಬದಲಿಸುವ ಮೊದಲು ಹಬ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಸಕಲೇಶಪುರ ದಾಟಿ ಶಿರಾಡಿ ಇಳಿಯುವವರು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರು, ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿಬರುವವರು, ಇವತ್ತಿನ ಮಾತು ನಿಮಗಾಗಿ. ಗಾಡಿ 80ರ ವೇಗದಲ್ಲಿ ನೆಟ್ಟಗೆ ಹೋಗ್ತಾ ಇರುತ್ತೆ. ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಸ್ಟೇರಿಂಗ್ ಗಡಗಡ ಅಂತ ಎಡಕ್ಕೂ ಬಲಕ್ಕೂ ಅದುರುತ್ತೆ. ಕಾಲು ತೆಗೆದರೆ ಸುಮ್ಮನಾಗುತ್ತೆ. ಗ್ಯಾರೇಜಿಗೆ ಹೋದರೆ "ಡಿಸ್ಕ್ ಬೆಂಡಾಗಿದೆ, ಹೊಸದು ಹಾಕ್ಬೇಕು" ಅಂತಾರೆ. ಹಾಕಿಸ್ತೀರಿ. ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಡಿಸ್ಕ್ ಅಂದ್ರೆ ಚಕ್ರದ ಜೊತೆ ಸುತ್ತೋ ಲೋಹದ ತಟ್ಟೆ, ಬ್ರೇಕ್ ಒತ್ತಿದಾಗ ಎರಡು ಪ್ಯಾಡ್ ಅದನ್ನು ಹಿಡಿಯುತ್ತವೆ. ಹಬ್ ಅಂದ್ರೆ ಆ ಡಿಸ್ಕೂ ಚಕ್ರವೂ ಕೂರೋ ನಡುವಿನ ಭಾಗ. ನಾನು ಹೇಳೋದು ಒಂದೇ ಮಾತು: ಹಬ್ ಮುಖ ಉಜ್ಜದೆ ಡಿಸ್ಕ್ ಕೂರಿಸಬೇಡಿ. ಇದನ್ನೇ ಇನ್ನೂ ಎರಡು ಮೂರು ಸಲ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ಮೊದಲು ರೋಗ ಎಲ್ಲಿದೆ ಅಂತ ಗೊತ್ತಾಗಬೇಕು. ಬ್ರೇಕ್ ಒತ್ತದೇ ಇದ್ದಾಗಲೂ 80, 90ರ ಆಸುಪಾಸಿನಲ್ಲಿ ಸ್ಟೇರಿಂಗ್ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರಿನ ತೊಂದರೆ. ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನದು. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿ, ಅದೂ ಆಗಲಿಲ್ಲ ಅಂತ ಅಲೈನ್‌ಮೆಂಟ್ ಮಾಡಿಸಿ, ಆಮೇಲೆ ಬಂದು ಕೇಳ್ತಾರಲ್ಲ, ಅವರಿಗೆ ಏನು ಹೇಳಬೇಕೋ ತಿಳಿಯೋದಿಲ್ಲ. ಸ್ಟೇರಿಂಗ್ ಅಲುಗಿದರೆ ಮುಂದಿನ ಚಕ್ರ. ಸ್ಟೇರಿಂಗ್ ಸುಮ್ಮನಿದ್ದು ಸೀಟು, ಪೆಡಲ್ ಅದುರಿದರೆ ಹಿಂದಿನ ಚಕ್ರದ ಡ್ರಮ್ ಬ್ರೇಕ್ ಕಡೆ ನೋಡಿ. ಕೈಯಲ್ಲಿ ಎಳೆಯೋ ಹ್ಯಾಂಡ್‌ಬ್ರೇಕ್ ಇದ್ದರೆ ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ, ಬಟನ್ ಒತ್ತಿ ಹಿಡಿದೇ ಮೆಲ್ಲಗೆ ಎಳೆಯಿರಿ. ಗಾಡಿ ಅದುರಿದರೆ ಡ್ರಮ್ ಗುಂಡಗಿಲ್ಲ ಅಂತ ಖಾತ್ರಿ. ಗಟ್ಟಿಯಾಗಿ ಬ್ರೇಕ್ ತುಳಿದಾಗ ಪೆಡಲ್ ಕಾಲಿಗೆ ಟಕಟಕ ಅಂತ ಬಡಿಯೋದು ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಕೆಲಸ, ಅದು ರೋಗ ಅಲ್ಲ.

ಈಗ ಮೂಡಿಗೆರೆ ಕಡೆಯ ಕಾಫಿ ತೋಟದವರ ಒಂದು ಕಾರಿನ ವಿಷಯ ಹೇಳ್ಬೇಕು. ಯಾಕಂದ್ರೆ ಇಡೀ ಪಾಠ ಅದರಲ್ಲೇ ಇದೆ. ಮಳೆಗಾಲದಲ್ಲಿ ಆ ಗಾಡಿ ಶೆಡ್ಡಲ್ಲಿ ವಾರಗಟ್ಟಲೆ ನಿಂತಿರ್ತಿತ್ತು. ಹೊರಗೆ ತೆಗೆದರೆ ನೇರ ಚಾರ್ಮಾಡಿ ಇಳಿದು ಉಜಿರೆ. ಬ್ರೇಕ್ ಒತ್ತಿದರೆ ನಡುಕ. ಡಿಸ್ಕ್ ಎರಡೂ ಹೊಸದು ಹಾಕಿದರು, ನಡುಕ ಹೋಯ್ತು. ನಾಲ್ಕು ಸಾವಿರ ಕಿ.ಮೀ. ಆಗೋ ಹೊತ್ತಿಗೆ ವಾಪಸ್ ಬಂತು. "ಡಿಸ್ಕ್ ಕಂಪನಿದಲ್ಲ, ಡೂಪ್ಲಿಕೇಟ್" ಅಂದ ಇನ್ನೊಬ್ಬ ಮೆಕ್ಯಾನಿಕ್. ಕಂಪನಿದೇ ತರಿಸಿ ಹಾಕಿದರು. ಮತ್ತೆ ಅಷ್ಟೇ ದೂರ ಓಡೋ ಹೊತ್ತಿಗೆ ಮತ್ತೆ ನಡುಕ. ಲೇತಿಗೆ ಹಾಕಿ ಉಜ್ಜಿಸಿದರು. ಅದೂ ಅಷ್ಟೇ.

ನಾಲ್ಕನೇ ಸಲ ಚಕ್ರ ಬಿಚ್ಚಿದವನು ಡಿಸ್ಕ್ ಬದಲಿಸೋ ಮಾತೇ ಎತ್ತಲಿಲ್ಲ. ಬಿಚ್ಚಿದ ವೀಲ್ ನಟ್‌ಗಳನ್ನೇ ವಾಷರ್ ಹಾಕಿ ಡಿಸ್ಕ್ ಮೇಲೆ ಬಿಗಿ ಮಾಡಿದ, ಡಿಸ್ಕ್ ಹಬ್ಬಿಗೆ ಅಂಟಿ ಕೂರಲಿ ಅಂತ. ಸಣ್ಣ ಓಲಾಟವನ್ನೂ ಅಳೆಯೋ ಡಯಲ್ ಗೇಜಿನ ಮ್ಯಾಗ್ನೆಟ್ ಕಾಲನ್ನು, ಹಬ್ಬನ್ನು ಹಿಡಿದಿರೋ ಆದರೆ ಚಕ್ರದ ಜೊತೆ ಸುತ್ತದ ನಕಲ್ ಅನ್ನೋ ಭಾಗದ ಮೇಲೆ ಕೂರಿಸಿ, ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ 10 ಮಿ.ಮೀ. ಒಳಗೆ ತಾಗಿಸಿ, ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದ. ಗೇಜಿನ ಮುಳ್ಳು 0.14 ಮಿ.ಮೀ. ಆಡ್ತು. 0.05 ಇದ್ದರೆ ಚೆನ್ನಾಗಿದೆ, 0.10 ದಾಟಿದರೆ ಬಿಡಬಾರದು. ಎಲ್ಲಿ ಹೆಚ್ಚು ತೋರಿಸ್ತೋ ಅಲ್ಲಿ ಡಿಸ್ಕ್ ಮೇಲೆ ಸೀಮೆಸುಣ್ಣದ ಗೆರೆ, ಅದರ ನೇರಕ್ಕಿದ್ದ ಸ್ಟಡ್, ಅಂದ್ರೆ ವೀಲ್ ನಟ್ ಕೂರೋ ಹಬ್ಬಿನ ಬೋಲ್ಟ್, ಅದರ ಮೇಲೂ ಒಂದು ಗೆರೆ. ಡಿಸ್ಕ್ ಕಳಚಿ, ಎರಡು ತೂತು ಮುಂದೆ ತಿರುಗಿಸಿ, ಮತ್ತೆ ಹಾಕಿ ಅಳೆದ.

ಇದನ್ನು ಗಮನ ಇಟ್ಟು ಕೇಳಿ. ಹೆಚ್ಚು ತೋರಿಸೋ ಜಾಗ ಡಿಸ್ಕಿನ ಗೆರೆ ಜೊತೆ ತಿರುಗಿ ಹೋದರೆ ಡಿಸ್ಕ್ ಸೊಟ್ಟ. ಸ್ಟಡ್ಡಿನ ಗೆರೆ ಹತ್ತಿರವೇ ಉಳಿದರೆ ಹಬ್ಬಿನದು. ಆ ಕಾರಿನಲ್ಲಿ ಸ್ಟಡ್ ಹತ್ತಿರವೇ ಉಳೀತು. ಡಿಸ್ಕ್ ತೆಗೆದು ನೋಡಿದರೆ ಸ್ಟಡ್ಡಿನ ಬುಡದಲ್ಲಿ ತುಕ್ಕು ಚಕ್ಕೆ ಕಟ್ಟಿ ಕೂತಿದೆ, ಉಗುರಲ್ಲಿ ಕೆರೆದರೆ ಬರದಷ್ಟು ಗಟ್ಟಿ. ಅದರ ಮೇಲೇ ಎರಡು ಜೊತೆ ಹೊಸ ಡಿಸ್ಕ್ ಕೂತು ಹೋಗಿತ್ತು! ವೈರ್ ಬ್ರಷ್, 80 ನಂಬರ್ ಎಮರಿ ಪೇಪರ್, ಸ್ಟಡ್ ಸುತ್ತ ಕೆರೆಯೋಕೆ ಹಳೇ ಸ್ಕ್ರೂಡ್ರೈವರ್, ಹತ್ತು ನಿಮಿಷ. ಗೇಜ್ 0.04ಕ್ಕೆ ಇಳೀತು. ಹಬ್ಬಿನಲ್ಲಿ 0.05 ಮಿ.ಮೀ. ತುಕ್ಕು ಇದ್ದರೂ ಡಿಸ್ಕಿನ ಅಂಚಿಗೆ ಬರೋ ಹೊತ್ತಿಗೆ ಅದು ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಹಬ್ ಮುಖ ಉಜ್ಜದೆ ಡಿಸ್ಕ್ ಕೂರಿಸಬಾರದು ಅನ್ನೋದು ಇದಕ್ಕೇ.

ಹಾಗಾದ್ರೆ ಮೊದಲ ನಾಲ್ಕು ಸಾವಿರ ಕಿ.ಮೀ. ಯಾಕೆ ನಡುಗಲಿಲ್ಲ? ಮೆಕ್ಯಾನಿಕ್‌ಗಳು ತಪ್ಪಿಸಿಕೊಳ್ಳೋದೇ ಇಲ್ಲಿ. ಡಿಸ್ಕ್ ಓಲಾಡಿದ ಮಾತ್ರಕ್ಕೆ ಸ್ಟೇರಿಂಗ್ ನಡುಗೋದಿಲ್ಲ, ಪ್ಯಾಡ್‌ಗಳನ್ನು ಹಿಡಿದಿರೋ ಕ್ಯಾಲಿಪರ್ ಅದರ ಜೊತೆ ಆ ಕಡೆ ಈ ಕಡೆ ಜಾರುತ್ತೆ. ಆದರೆ ಬ್ರೇಕ್ ಒತ್ತದೆ ಓಡುವಾಗ, ಉಬ್ಬಿದ ಜಾಗ ಸುತ್ತಿಗೊಂದು ಸಲ ಪ್ಯಾಡಿಗೆ ತಾಗ್ತಾ ಇರುತ್ತೆ. ಸಣ್ಣ ಕಾರಿನ ಚಕ್ರ ಒಂದು ಕಿ.ಮೀ.ಗೆ 500ಕ್ಕೂ ಹೆಚ್ಚು ಸುತ್ತು ಹಾಕುತ್ತೆ. ಉಜ್ಜಿ ಉಜ್ಜಿ ಆ ಜಾಗ ಸವೆದು ತೆಳುವಾಗುತ್ತೆ. ಒಂದೇ ಡಿಸ್ಕಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಬಂದಾಗ ಪ್ಯಾಡನ್ನು ಒತ್ತೋ ಪಿಸ್ಟನ್ ಹಿಂದಕ್ಕೆ ತಳ್ಳಿಸಿಕೊಂಡು ಹಿಡಿತ ಹೆಚ್ಚುತ್ತೆ, ತೆಳು ಬಂದಾಗ ಸಡಿಲ. ಆ ಎಳೆತವೇ ಚಕ್ರವನ್ನು ಸ್ಟೇರಿಂಗಿಗೆ ಜೋಡಿಸೋ ಟೈ ರಾಡ್ ಮೂಲಕ ನಿಮ್ಮ ಕೈಗೆ ಬರೋದು. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಸಾಕು, ಅಂದ್ರೆ ತಲೆಗೂದಲಿನ ಮೂರನೇ ಒಂದು ಭಾಗ. ಕಣ್ಣಿಗೆ ಕಾಣೋದಿಲ್ಲ. "ನೋಡಿದೆ ಸಾರ್, ಡಿಸ್ಕ್ ಚೆನ್ನಾಗಿದೆ" ಅಂದರೆ ನಂಬಬೇಡಿ. ಮೈಕ್ರೋಮೀಟರ್ ಹಿಡಿದು ಸುತ್ತಲೂ ಎಂಟು ಕಡೆ ಅಳೆದಿದ್ದೀಯಾ ಅಂತ ಕೇಳಿ.

ಕಾರಿನ ಕಥೆಗೇ ಅರ್ಧ ಸಮಯ ಹೋಯ್ತು, ಉಳಿದದ್ದನ್ನು ಬೇಗ ಹೇಳ್ತೀನಿ.

ಡಿಸ್ಕ್ ಲೇತಿಗೆ ಹಾಕಬಹುದು, ಆದರೆ ಅದರ ಅಂಚಲ್ಲೋ ನಡುವಿನ ಬಟ್ಟಲಲ್ಲೋ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತೆ. ಉಜ್ಜಿದ ಮೇಲೆ ಅದಕ್ಕಿಂತ ಕಡಿಮೆಯಾಗೋದಾದ್ರೆ ಹೊಸದೇ ಹಾಕಿ. ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ, ಹೊಸ ಪ್ಯಾಡ್ ಸಮೇತ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಕೂರಿಸೋ ಮೊದಲು ಹಬ್ ಮುಖ ಉಜ್ಜಿ. ಹೇಳಿದ್ದೆ, ಆದ್ರೂ ಹೇಳ್ತೀನಿ.

ಕ್ಯಾಲಿಪರಿನ ಸ್ಲೈಡ್ ಪಿನ್ ಎರಡೂ ಬೆರಳಲ್ಲಿ ತಳ್ಳಿದರೆ ಸರಾಗ ಜಾರಬೇಕು. ಜಾರದಿದ್ದರೆ ಪ್ಯಾಡ್ ಸದಾ ಡಿಸ್ಕಿಗೆ ಅಂಟಿ, ಡಿಸ್ಕ್ ಕಾಯುತ್ತೆ. ಪಿನ್ನಿಗೆ ಸಿಲಿಕಾನ್ ಬ್ರೇಕ್ ಗ್ರೀಸ್ ಹಾಕಿ. ಬೇರಿಂಗಿಗೆ ಹಾಕೋ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಪೂರ್ತಿ ಹಿಡಿದುಬಿಡುತ್ತೆ. ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್, ಚಕ್ರವನ್ನು ಹಿಡಿದಿಡೋ ಈ ಭಾಗಗಳಲ್ಲಿ ಆಟ, ಅಂದ್ರೆ ಸಡಿಲ, ಇದ್ದರೆ ಸಣ್ಣ ನಡುಕ ದೊಡ್ಡದಾಗುತ್ತೆ. ಬೇರಿಂಗಿನಲ್ಲಿ ಆಟ ಇದ್ದರೆ ಗೇಜ್ ಕೂಡ ಸುಳ್ಳು ಹೇಳುತ್ತೆ, ಅದನ್ನು ಮೊದಲು ನೋಡಿ.

ವೀಲ್ ನಟ್. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಒಂದಾದ ಮೇಲೊಂದು ಸುತ್ತಲೂ ಬಿಗಿದುಬಿಡ್ತಾರೆ. ಡಿಸ್ಕ್ ಒಂದು ಕಡೆಗೆ ಎಳೆದು ಕೂರುತ್ತೆ. ಎದುರುಬದಿರು ನಟ್ ಹಿಡಿದು, ಮೊದಲು ಅರ್ಧ ಬಿಗಿ, ಆಮೇಲೆ ಟಾರ್ಕ್ ರೆಂಚಲ್ಲಿ ಪೂರ್ತಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿ ಇರುತ್ತೆ.

ಇನ್ನು ಓಡಿಸೋದು. ಘಾಟಿಯನ್ನು ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ. ಮುಳ್ಳಯ್ಯನಗಿರಿ ಇಳಿದು ಕೈಮರ ಚೆಕ್‌ಪೋಸ್ಟ್ ಹತ್ತಿರ ಸಾಲಿನಲ್ಲಿ ನಿಂತಾಗ ಬ್ರೇಕ್ ತುಳಿದೇ ಇರಬೇಡಿ. ಕಾದ ಡಿಸ್ಕಿಗೆ ಪ್ಯಾಡಿನ ಮಸಿ ಅಂಟಿ ಅಚ್ಚು ಬೀಳುತ್ತೆ, ಅದೂ ನಡುಕಕ್ಕೆ ಕಾರಣ. ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆಯಿರಿ. ಶಿರಾಡಿ ಇಳಿದು ಗುಂಡ್ಯ ತಲುಪಿದ ಕೂಡಲೇ, ಡಿಸ್ಕ್ ಇನ್ನೂ ಕಾದಿರುವಾಗ, ಚಕ್ರಕ್ಕೆ ನೀರು ಹೊಡೆಸೋದೂ ಬೇಡ. ಮಳೆಗಾಲದಲ್ಲಿ ಗಾಡಿ ನಿಲ್ಲಿಸೋರು ವಾರಕ್ಕೊಂದು ಸಲ ನಾಲ್ಕೈದು ಕಿ.ಮೀ. ಓಡಿಸಿ ಬ್ರೇಕ್ ಹಿಡೀರಿ. ಇಲ್ಲದಿದ್ದರೆ ಪ್ಯಾಡ್ ಕೂತ ಜಾಗದಲ್ಲಿ ಅದೇ ಆಕಾರದ ತುಕ್ಕು ಕಟ್ಟುತ್ತೆ.

ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟಿ ಇಳಿಯಬೇಡಿ. ಹಾಸನದ ಹೊರಗೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಮೆಲ್ಲಗೆ ಇಳಿಸಿ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ. ಒಂದೊಂದು ಸಲಕ್ಕೂ ನಡುವೆ ಅರ್ಧ ಕಿ.ಮೀ. ಬಿಡಿ, ತಣ್ಣಗಾಗಲಿ. 100 ಕಿ.ಮೀ. ಆದ ಮೇಲೆ ವೀಲ್ ನಟ್ ಇನ್ನೊಂದು ಸಲ ಟಾರ್ಕ್ ರೆಂಚಲ್ಲಿ ನೋಡಿಸಿ. ನಮಸ್ಕಾರ.